ಸಂಜೆ ಏಳರ ಮೇಲೆ ಯಾವ ಊರು?

ಪ್ರವಾಸಕ್ಕೆ ಊರು ಆರಿಸುವಾಗ ಎಲ್ಲರೂ ಹಗಲಿನ ಲೆಕ್ಕ ಹಾಕುತ್ತಾರೆ. ಯಾವ ಅರಮನೆ, ಯಾವ ಗೋಪುರ, ಯಾವ ಮ್ಯೂಸಿಯಂ ಅಂತ ಪಟ್ಟಿ ತಯಾರಾಗುತ್ತದೆ. ಸಂಜೆಯ ಜಾಗ ಖಾಲಿ. ಹೋದ ಮೇಲೆ ನೋಡಿಕೊಂಡರಾಯಿತು ಅಂತ ಬಿಟ್ಟುಬಿಡುತ್ತಾರೆ. ನಾನೂ ಹಾಗೇ ಬಿಟ್ಟಿದ್ದೆ. ಮ್ಯಾಡ್ರಿಡ್‌ನಲ್ಲಿ ಸಂಜೆ ಏಳಕ್ಕೆ ಹಸಿದುಕೊಂಡು ಬೀದಿಗಿಳಿದರೆ, ನನ್ನ ಓಣಿಯಲ್ಲಿ ಒಲೆ ಹಚ್ಚಿದ ಒಂದು ಹೋಟೆಲೂ ಇರಲಿಲ್ಲ. ಟೋಕಿಯೊದಲ್ಲಿ ರಾತ್ರಿ ಒಂದಕ್ಕೆ ಸ್ಟೇಷನ್ನಿಗೆ ಬಂದರೆ ಷಟರ್ ಎಳೆದಾಗಿತ್ತು.

ತಪ್ಪು ಆ ಊರುಗಳದ್ದಲ್ಲ. ಅವುಗಳ ಗಡಿಯಾರ ಬೇರೆ, ನನ್ನದು ಬೇರೆ. ಈಗ ಊರು ಆರಿಸುವ ಮೊದಲು ಎರಡೇ ವಿಷಯ ವಿಚಾರಿಸುತ್ತೇನೆ. ಅಲ್ಲಿಯ ಜನ ರಾತ್ರಿ ಊಟಕ್ಕೆ ಕೂರುವುದು ಎಷ್ಟಕ್ಕೆ? ಕೊನೆಯ ರೈಲು ಎಷ್ಟಕ್ಕೆ? ಇಷ್ಟು ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ. ಉಳಿದರ್ಧಕ್ಕೆ ನಿಮಗೆ ನಿದ್ದೆ ಬರುವ ಹೊತ್ತು ಯಾವುದು ಅಂತ ನೀವೇ ಹೇಳಬೇಕು, ಅದೂ ಸುಳ್ಳು ಹೇಳದೆ.

ಮ್ಯಾಡ್ರಿಡ್ ಅಥವಾ ಟೋಕಿಯೊ

ಈ ಎರಡನ್ನು ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಇವುಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಮ್ಯಾಡ್ರಿಡ್‌ನಲ್ಲಿ ಮಧ್ಯಾಹ್ನದ ಊಟ ಎರಡು ಗಂಟೆಯ ಮೇಲೆ. ರಾತ್ರಿ ಊಟ ಒಂಬತ್ತು, ಹತ್ತಕ್ಕೆ. ಬಹಳಷ್ಟು ಅಡುಗೆಮನೆಗಳು ಎಂಟೂವರೆಗೆ ಮೊದಲು ಬಾಗಿಲನ್ನೇ ತೆಗೆಯುವುದಿಲ್ಲ. ಇದಕ್ಕೆ ಗಡಿಯಾರವೂ ಒಂದು ಕಾರಣ. ಭೂಪಟದಲ್ಲಿ ನೋಡಿದರೆ ಸ್ಪೇನ್ ಲಂಡನ್ನಿನ ನೇರಕ್ಕಿದೆ. ಆದರೆ 1940ರಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಮಧ್ಯ ಯುರೋಪಿನ ಸಮಯಕ್ಕೆ ಸೇರಿಸಿದರು. ಮತ್ತೆ ಹಿಂದಕ್ಕೆ ತಿರುಗಿಸಲೇ ಇಲ್ಲ. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತೂ ಮುಕ್ಕಾಲು. ಬೆಳಕಿರುವಾಗಲೇ ರಾತ್ರಿ ಊಟಕ್ಕೆ ಕೂರುವುದು ಯಾರಿಗಾದರೂ ಕಷ್ಟವೇ ಅಲ್ವಾ?

ಹಾಗಾದರೆ ಆರರಿಂದ ಒಂಬತ್ತರವರೆಗೆ ಏನು ಮಾಡುವುದು? ಮ್ಯಾಡ್ರಿಡ್ ಬಗ್ಗೆ ನನಗೆ ತುಂಬಾ ಇಷ್ಟವಾದದ್ದು ಇಲ್ಲೇ ಇದೆ. ಪ್ರಾಡೊ ಮ್ಯೂಸಿಯಂನಲ್ಲಿ ಸೋಮವಾರದಿಂದ ಶನಿವಾರದವರೆಗೆ ಸಂಜೆ ಆರರಿಂದ ಎಂಟು, ಭಾನುವಾರ ಐದರಿಂದ ಏಳು ಪ್ರವೇಶ ಉಚಿತ. ಸಾಲು ಉದ್ದ ಇರುತ್ತದೆ, ಸ್ವಲ್ಪ ಮುಂಚೆ ಹೋಗಿ ನಿಲ್ಲಿ. ಎರಡು ಗಂಟೆಯಲ್ಲಿ ಪೂರ್ತಿ ನೋಡಲು ಆಗುವುದಿಲ್ಲ. ಚಿತ್ರಕಾರರಾದ ವೆಲಾಸ್ಕೆಸ್ ಮತ್ತು ಗೋಯಾ ಅವರ ಕೋಣೆಗಳನ್ನು ನೋಡಿ ಹೊರಬನ್ನಿ, ಸಾಕು. ಪಿಕಾಸೊನ ‘ಗೆರ್ನಿಕಾ’ ಚಿತ್ರ ಇರುವುದು ಹತ್ತಿರದ ರೇನಾ ಸೋಫಿಯಾ ಮ್ಯೂಸಿಯಂನಲ್ಲಿ. ಅದಕ್ಕೆ ಮಂಗಳವಾರ ರಜೆ. ನಾನು ಮೊದಲ ಸಲ ಹೋದದ್ದು ಮಂಗಳವಾರವೇ.

ಆಮೇಲೆ ಲಾ ಲಟೀನಾ ಕಡೆಗೆ, ಕಾವಾ ಬಾಹಾ ಬೀದಿಗೆ. ಅಲ್ಲಿ ಒಂದೇ ಕಡೆ ಕೂತು ಹೊಟ್ಟೆ ತುಂಬಿಸಿಕೊಳ್ಳುವ ಪದ್ಧತಿ ಕಡಿಮೆ. ಒಂದು ಲೋಟ, ಒಂದು ಸಣ್ಣ ತಟ್ಟೆ ತಾಪಾಸ್, ನಿಂತೇ ತಿನ್ನುವುದು, ಪಕ್ಕದ ಇನ್ನೊಂದು ಬಾರ್‌ಗೆ ಹೋಗುವುದು. ಕೂತೇ ಉಣ್ಣಬೇಕು ಅನ್ನುವವರಿಗೆ 1725ರಿಂದ ನಡೆಯುತ್ತಿರುವ ಬೋತಿನ್ ಇದೆ. ಜಗತ್ತಿನ ಅತಿ ಹಳೆಯ ರೆಸ್ಟೋರೆಂಟ್ ಅಂತ ಗಿನ್ನೆಸ್ ದಾಖಲೆಯಲ್ಲಿ ಅದರ ಹೆಸರಿದೆ. ಕ್ಲಬ್ಬುಗಳಿಂದ ಬೆಳಗಿನ ಜಾವ ಹೊರಬಿದ್ದವರು 1894ರಿಂದ ಇರುವ ಸಾನ್ ಹೀನೆಸ್‌ಗೆ ಹೋಗಿ ಬಿಸಿ ಚಾಕೊಲೇಟಿನಲ್ಲಿ ಚುರ್ರೊ ಎಂಬ ಕರಿದ ತಿಂಡಿ ಅದ್ದಿಕೊಂಡು ತಿನ್ನುತ್ತಾರೆ. ಮೆಟ್ರೊ ರಾತ್ರಿ ಒಂದೂವರೆಗೆ ನಿಲ್ಲುತ್ತದೆ, ಬೆಳಿಗ್ಗೆ ಆರಕ್ಕೆ ಮತ್ತೆ ಶುರು. ನಡುವೆ ಸಿಬೇಲೆಸ್ ಚೌಕದಿಂದ ರಾತ್ರಿ ಬಸ್ಸುಗಳಿವೆ. ಅಲ್ಲಿಯವರು ಅವಕ್ಕೆ ಇಟ್ಟ ಹೆಸರು ‘ಗೂಬೆ’.

ಟೋಕಿಯೊ ಇದಕ್ಕೆ ಉಲ್ಟಾ. ಸಂಜೆ ಆರಕ್ಕೇ ಇಝಕಾಯಾಗಳು, ಅಂದರೆ ಕುಡಿಯುತ್ತಾ ತಿನ್ನುವ ಹೋಟೆಲುಗಳು, ತುಂಬಿಕೊಳ್ಳುತ್ತವೆ. ಆಫೀಸು ಮುಗಿಸಿದವರು ಬಂದು ಸಣ್ಣ ಸಣ್ಣ ತಟ್ಟೆ ತರಿಸಿಕೊಂಡು, ಕುಡಿದು, ಹತ್ತೂವರೆಯಿಂದ ಗಡಿಯಾರ ನೋಡಲು ಶುರು ಮಾಡುತ್ತಾರೆ. ಮಧ್ಯರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ರೈಲು ಬಂದ್. ಮತ್ತೆ ಬರುವುದು ಬೆಳಗಿನ ಐದರ ಸುಮಾರಿಗೆ. ಕೊನೆಯ ರೈಲಿಗೆ ಅಲ್ಲಿ ‘ಶೂದೆನ್’ ಎನ್ನುತ್ತಾರೆ. ಇಡೀ ಊರಿನ ರಾತ್ರಿ ಆ ಒಂದು ಪದದ ಸುತ್ತ ತಿರುಗುತ್ತದೆ. ಅದು ತಪ್ಪಿದರೆ ಟ್ಯಾಕ್ಸಿ. ರಾತ್ರಿ ಹತ್ತರಿಂದ ಐದರವರೆಗೆ ಮೀಟರಿನ ಮೇಲೆ ಇನ್ನೂ 20 ಶೇಕಡಾ. ಅದು ಬೇಡ ಅನ್ನುವವರು ಕರೋಕೆ ಕೋಣೆ ಹಿಡಿದು ಬೆಳಗಿನವರೆಗೆ ಹಾಡುತ್ತಾರೆ. ನಾನೂ ಅದನ್ನೇ ಮಾಡಿದೆ. ಮೂರು ಗಂಟೆಯ ಹೊತ್ತಿಗೆ ಗಂಟಲು ಹೋಗಿತ್ತು, ಪಕ್ಕದ ಕೋಣೆಯವರ ಉತ್ಸಾಹ ಮಾತ್ರ ಇಳಿದಿರಲಿಲ್ಲ.

ಟೋಕಿಯೊದ ದೊಡ್ಡ ಗುಣ, ಅಲ್ಲಿ ಒಬ್ಬರೇ ಹೋದರೆ ಒಂಟಿ ಅನ್ನಿಸುವುದಿಲ್ಲ. ರಾಮೆನ್ ಅಂಗಡಿಯಾಗಲಿ ಸುಶಿ ಅಂಗಡಿಯಾಗಲಿ, ಕೌಂಟರ್ ಮುಂದೆ ಸಾಲಾಗಿ ಸ್ಟೂಲುಗಳು. ಒಬ್ಬರಿಗೆ ಟೇಬಲ್ ಕೇಳುವ ಮುಜುಗರವೇ ಇಲ್ಲ. ಮ್ಯಾಡ್ರಿಡ್‌ನ ತಾಪಾಸ್ ಸುತ್ತಾಟಕ್ಕೆ ನಾಲ್ಕು ಜನ ಇದ್ದರೇ ಚೆನ್ನ. ಜೊತೆ ಇಲ್ಲದೆ ಹೊರಟವರಿಗೆ ನಾನು ಯೋಚಿಸದೆ ಟೋಕಿಯೊ ಹೇಳುತ್ತೇನೆ.

ಶಿಂಜುಕುವಿನ ಗೋಲ್ಡನ್ ಗಾಯ್ ಎಂಬಲ್ಲಿ ಕಿರಿದಾದ ಓಣಿಗಳಲ್ಲಿ ಸುಮಾರು 200 ಪುಟ್ಟ ಬಾರುಗಳಿವೆ. ಎಷ್ಟೋ ಬಾರುಗಳಲ್ಲಿ ಏಳೆಂಟು ಜನ ಕೂತರೆ ಜಾಗ ಮುಗಿಯಿತು. ಬಾಗಿಲಲ್ಲೇ ಕೂರುವ ಚಾರ್ಜು ಬರೆದಿರುತ್ತಾರೆ, ಓದಿಕೊಂಡೇ ಒಳಗೆ ಹೋಗಿ. ಕೆಲವು ಗುರುತಿನವರಿಗಷ್ಟೇ. ಇಝಕಾಯಾದಲ್ಲೂ ನೀವು ಕೇಳದೆ ಒಂದು ಸಣ್ಣ ಬಟ್ಟಲು ಬಂದರೆ ಅದು ಉಡುಗೊರೆ ಅಲ್ಲ. ಅದರ ಹೆಸರು ‘ಓತೋಶಿ’, ಬಿಲ್ಲಿನಲ್ಲಿ ಸೇರುತ್ತದೆ. ಟಿಪ್ಸ್ ಮಾತ್ರ ಕೊಡಬೇಡಿ. ಟೇಬಲ್ ಮೇಲೆ ದುಡ್ಡು ಬಿಟ್ಟು ಬಂದರೆ, ಮರೆತಿರಿ ಅಂತ ಹಿಂದೆ ಓಡಿ ಬಂದು ಕೊಡುತ್ತಾರೆ.

ಕುಣಿಯಲೆಂದೇ ಟೋಕಿಯೊಗೆ ಹೋಗುವ ಯೋಚನೆ ಇದ್ದರೆ ಒಂದು ಹಳೆಯ ಕತೆ ಗೊತ್ತಿರಲಿ. 1948ರ ಒಂದು ಕಾನೂನಿನ ಪ್ರಕಾರ ಕ್ಲಬ್ಬುಗಳಲ್ಲಿ ಮಧ್ಯರಾತ್ರಿಯ ಮೇಲೆ ಕುಣಿಯುವಂತೆಯೇ ಇರಲಿಲ್ಲ. 2015ರಲ್ಲಿ ತಿದ್ದಿ 2016ರಿಂದ ಸಡಿಲ ಮಾಡಿದರು. ಈಗ ಕ್ಲಬ್ಬುಗಳು ಬೆಳಗಿನವರೆಗೂ ಇವೆ. ಆದರೂ ಆ ಊರಿನ ರಾತ್ರಿಯ ರುಚಿ ಇರುವುದು ಸಣ್ಣ ಬಾರು, ಸಣ್ಣ ಬಟ್ಟಲುಗಳಲ್ಲೇ ಅಂತ ನನ್ನ ಅಭಿಪ್ರಾಯ. ಗಿನ್ಝಾದ ಕಬುಕಿ-ಝಾ ನಾಟಕಶಾಲೆಯಲ್ಲಿ ಕಬುಕಿ ಎಂಬ ಸಾಂಪ್ರದಾಯಿಕ ನಾಟಕ ಪೂರ್ತಿ ನೋಡಲು ಗಂಟೆಗಟ್ಟಲೆ ಬೇಕು. ಅಷ್ಟು ತಾಳ್ಮೆ ಇಲ್ಲದವರಿಗೆ ಒಂದೇ ಅಂಕಕ್ಕೂ ಟಿಕೆಟ್ ಕೊಡುತ್ತಾರೆ. ಉಎನೊದ ರಾಷ್ಟ್ರೀಯ ಮ್ಯೂಸಿಯಂ ಶುಕ್ರವಾರ, ಶನಿವಾರ ರಾತ್ರಿ ಎಂಟರವರೆಗೆ ತೆರೆದಿರುತ್ತದೆ. ಸೋಮವಾರ ರಜೆ.

ಸಸ್ಯಾಹಾರಿಗಳಿಗೆ ಎರಡೂ ಊರು ಸಲೀಸಲ್ಲ. ಜಪಾನಿನಲ್ಲಿ ತರಕಾರಿ ಸಾರಿನಲ್ಲೂ ದಾಶಿ ಎಂಬ ಮೀನಿನ ರಸ ಇರುತ್ತದೆ. ಬೌದ್ಧ ಮಠಗಳ ‘ಶೋಜಿನ್ ರ್ಯೋರಿ’ ಅಡುಗೆ ಹುಡುಕಿಕೊಂಡು ಹೋಗಬೇಕು. ಸ್ಪೇನಿನಲ್ಲಿ ಆಲೂಗೆಡ್ಡೆ ತೋರ್ತಿಯಾ ಸಿಗುತ್ತದೆ, ಅದರಲ್ಲಿ ಮೊಟ್ಟೆ ಇದೆ. ಪಾದ್ರೋನ್ ಎಂಬ ಮೆಣಸಿನಕಾಯಿ ಕರಿದದ್ದು ಸಿಕ್ಕಿದರೆ ಬಿಡಬೇಡಿ.

ಕುಣಿಯುವವರಿಗೆ: ಬರ್ಲಿನ್ ಮತ್ತು ಬ್ಯೂನಸ್ ಐರಿಸ್

ಬರ್ಲಿನ್‌ನಲ್ಲಿ ರಾತ್ರಿಗೆ ಕೊನೆಯೇ ಇಲ್ಲ ಅನ್ನುವುದು ಬರೀ ಮಾತಲ್ಲ, ಕಾನೂನೇ ಹಾಗಿದೆ. 1949ರಲ್ಲಿ ಹೈನ್ಝ್ ಝೆಲ್ಲರ್‌ಮಾಯರ್ ಎಂಬ ಹೋಟೆಲಿನವರು ಅಮೆರಿಕನ್ ಕಮಾಂಡೆಂಟನ್ನು ಒಪ್ಪಿಸಿ ಪಶ್ಚಿಮ ಬರ್ಲಿನ್‌ನಲ್ಲಿ ಮುಚ್ಚುವ ಸಮಯವನ್ನೇ ತೆಗೆಸಿಹಾಕಿದರು. ಅದರ ಫಲವಾಗಿ ಇವತ್ತು ಬೆರ್ಗೈನ್‌ನಂಥ ಕ್ಲಬ್ಬಿನಲ್ಲಿ ಶನಿವಾರ ರಾತ್ರಿ ಶುರುವಾದದ್ದು ಸೋಮವಾರ ಬೆಳಿಗ್ಗೆ ಮುಗಿಯುತ್ತದೆ. ಬಾಗಿಲಲ್ಲಿ ಫೋನಿನ ಕ್ಯಾಮೆರಾಕ್ಕೆ ಸ್ಟಿಕ್ಕರ್ ಅಂಟಿಸುತ್ತಾರೆ. ಕಾರಣ ಹೇಳದೆ ವಾಪಸ್ ಕಳಿಸುವುದೂ ಉಂಟು. ಅದಕ್ಕೆ ಬೇಜಾರು ಮಾಡಿಕೊಳ್ಳುವವರು ಅಷ್ಟು ದೂರ ಹೋಗಿ ಸಾಲಿನಲ್ಲಿ ನಿಲ್ಲದಿರುವುದೇ ಒಳ್ಳೆಯದು, ಬೇರೆ ಕ್ಲಬ್ಬುಗಳು ಬೇಕಾದಷ್ಟಿವೆ. ಬರ್ಲಿನ್‌ನ ಟೆಕ್ನೊ ಸಂಗೀತದ ಸಂಸ್ಕೃತಿಯನ್ನು 2024ರಲ್ಲಿ ಜರ್ಮನಿ ತನ್ನ ಪರಂಪರೆಯ ಪಟ್ಟಿಗೂ ಸೇರಿಸಿಕೊಂಡಿದೆ.

ಶುಕ್ರವಾರ, ಶನಿವಾರ ರಾತ್ರಿಯಿಡೀ ಯು-ಬಾನ್, ಎಸ್-ಬಾನ್ ಎಂಬ ಸಿಟಿ ರೈಲುಗಳು ಓಡುತ್ತವೆ. ಉಳಿದ ದಿನ ರಾತ್ರಿ ಬಸ್ಸು. ಆದ್ದರಿಂದ ಬರ್ಲಿನ್‌ಗೆ ವಾರಾಂತ್ಯ ಸೇರಿಸಿಕೊಂಡೇ ಹೋಗಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಮೌವರ್‌ಪಾರ್ಕ್‌ನಲ್ಲಿ ಹಳೆ ಸಾಮಾನಿನ ಸಂತೆ ಮಾತ್ರ ಜೋರು. ಮ್ಯೂಸಿಯಂ ದ್ವೀಪಕ್ಕೆ ಹೋಗುವವರು ಗಮನಿಸಿ, ಪೆರ್ಗಮಾನ್ ಮ್ಯೂಸಿಯಂ 2023ರ ಅಕ್ಟೋಬರಿನಲ್ಲಿ ರಿಪೇರಿಗೆ ಪೂರ್ತಿ ಮುಚ್ಚಿತು. ತೆರೆದಿದೆಯೇ ಅಂತ ನೋಡಿಕೊಂಡೇ ಹೊರಡಿ. ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ, ವೀಗನ್‌ಗಳಿಗೆ ಈ ಬರಹದ ಎಲ್ಲ ಊರುಗಳಿಗಿಂತ ಬರ್ಲಿನ್ ಸುಲಭ.

ಬ್ಯೂನಸ್ ಐರಿಸ್‌ನಲ್ಲಿ ಕುಣಿತ ಅಂದರೆ ಟ್ಯಾಂಗೊ. ಟ್ಯಾಂಗೊ ಕುಣಿಯುವ ಕೂಟಕ್ಕೆ ‘ಮಿಲೋಂಗಾ’ ಅಂತ ಹೆಸರು. ಊಟ ಮುಗಿಸಿ ಹತ್ತು, ಹನ್ನೊಂದರ ಮೇಲೆ ಜನ ಸೇರುತ್ತಾರೆ. ಅಲ್ಲಿ ಬಾಯಿಬಿಟ್ಟು “ಕುಣಿಯೋಣವೇ” ಅಂತ ಕೇಳುವುದಿಲ್ಲ. ದೂರದಿಂದಲೇ ಕಣ್ಣು ಸೇರಿಸಿ ತಲೆ ಆಡಿಸುತ್ತಾರೆ. ಇದು ‘ಕಬೆಸೆಯೊ’. ಆ ಕಡೆಯವರಿಗೆ ಇಷ್ಟವಿಲ್ಲದಿದ್ದರೆ ಕಣ್ಣು ಬೇರೆ ಕಡೆ ತಿರುಗಿಸಿದರಾಯಿತು. ಯಾರ ಮಾನವೂ ಹೋಗುವುದಿಲ್ಲ. ಮೂರ್ನಾಲ್ಕು ಹಾಡಿನ ಒಂದು ಕಂತು ಒಬ್ಬರ ಜೊತೆ, ನಡುವೆ ಒಂದು ತುಣುಕು ಬೇರೆ ಸಂಗೀತ, ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ವಾಪಸ್. ಕಲಿಯದವರಿಗೆ ಎಷ್ಟೋ ಕಡೆ ಮಿಲೋಂಗಾಕ್ಕೆ ಮುಂಚೆ ಪಾಠ ಇರುತ್ತದೆ. ಪ್ರವಾಸಿಗರಿಗಾಗಿಯೇ ಮಾಡುವ ಊಟ-ಟ್ಯಾಂಗೊ ಶೋ ಬೇರೆ, ಮಿಲೋಂಗಾ ಬೇರೆ. ಒಂದೇ ರಾತ್ರಿ ಇದ್ದರೆ ಮಿಲೋಂಗಾದ ಮೂಲೆಯಲ್ಲಿ ಸುಮ್ನೆ ಕೂತು ನೋಡಿ.

ಎರಡರಲ್ಲಿ ಯಾವುದು? ಬರ್ಲಿನ್‌ನಲ್ಲಿ ನಿಮ್ಮನ್ನು ಯಾರೂ ನೋಡುವುದಿಲ್ಲ. ಬ್ಯೂನಸ್ ಐರಿಸ್‌ನಲ್ಲಿ ಎಲ್ಲರೂ ನೋಡುತ್ತಾರೆ. ನಿಮಗೆ ಯಾವುದು ಹಿತವೋ ಅದು. ಟ್ಯಾಂಗೊ ಬೇಡ, ಕ್ಲಬ್ಬೇ ಬೇಕು ಅಂದರೆ ಅಲ್ಲಿ ರಾತ್ರಿ ಎರಡಕ್ಕೆ ಮುಂಚೆ ಹೋಗಿ ಖಾಲಿ ಕ್ಲಬ್ಬು ನೋಡಬೇಡಿ. ಸುರಂಗ ರೈಲು ಮಧ್ಯರಾತ್ರಿಯ ಹೊತ್ತಿಗೆ ನಿಂತರೂ ಸಿಟಿ ಬಸ್ಸು ರಾತ್ರಿಯಿಡೀ ಇದೆ. ಹಗಲಿಗೆ 1908ರಲ್ಲಿ ಬಾಗಿಲು ತೆರೆದ ಕೊಲೋನ್ ಥಿಯೇಟರ್ ಇದೆ. ಹಳೆಯ ನಾಟಕಶಾಲೆಯನ್ನೇ ಪುಸ್ತಕದಂಗಡಿ ಮಾಡಿರುವ ಎಲ್ ಅತೆನೆಯೊ ಕೂಡ ಇದೆ. ಆ ಅಂಗಡಿಯ ಹಳೆಯ ರಂಗದ ಮೇಲೆ ಕೂತು ಕಾಫಿ ಕುಡಿಯಬಹುದು.

ತಿನ್ನಲೆಂದೇ ಹೋಗುವವರಿಗೆ

ಮಕ್ಕಳು, ಹಿರಿಯರು ಜೊತೆಗಿದ್ದರೆ ಸಿಂಗಪುರ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಅಲ್ಲಿಯ ಹಾಕರ್ ಸೆಂಟರುಗಳು 2020ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಒಂದೇ ಸೂರಿನಡಿ ಚೀನೀ, ಮಲಯ, ಭಾರತೀಯ ಅಂಗಡಿಗಳು. ಒಬ್ಬರು ನೂಡಲ್ಸ್, ಒಬ್ಬರು ದೋಸೆ, ಒಬ್ಬರು ಸಾತೆ (ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ) ತಂದು ಒಂದೇ ಟೇಬಲ್ಲಿನಲ್ಲಿ ತಿನ್ನಬಹುದು. ಟೇಬಲ್ ಮೇಲೆ ಟಿಶ್ಯೂ ಪ್ಯಾಕೆಟ್ ಇದ್ದರೆ ಆ ಜಾಗ ಯಾರೋ ಹಿಡಿದಿದ್ದಾರೆ ಅಂತ ಅರ್ಥ. ತಿಂದ ಟ್ರೇಯನ್ನು ನೀವೇ ವಾಪಸ್ ಇಡಬೇಕು, ಇಲ್ಲದಿದ್ದರೆ ದಂಡ. ಲಾವ್ ಪಾ ಸಾತ್ ಎಂಬ ಹಾಕರ್ ಸೆಂಟರಿನ ಪಕ್ಕದ ಬೂನ್ ಟಾಟ್ ಬೀದಿಯಲ್ಲಿ ಸಂಜೆ ವಾಹನ ನಿಲ್ಲಿಸಿ ರಸ್ತೆಯಲ್ಲೇ ಸಾತೆ ಸುಡುತ್ತಾರೆ. ರಾತ್ರಿ ಹತ್ತೂವರೆಯಿಂದ ಬೆಳಿಗ್ಗೆ ಏಳರವರೆಗೆ ಅಂಗಡಿಯಿಂದ ಮದ್ಯ ಕೊಳ್ಳುವಂತಿಲ್ಲ, ಹೊರಗೆ ಕುಡಿಯುವಂತಿಲ್ಲ. ಬಾರಿನೊಳಗೆ ಅಡ್ಡಿಯಿಲ್ಲ. ರೈಲು ಮಧ್ಯರಾತ್ರಿಯ ಸುಮಾರಿಗೆ ನಿಲ್ಲುತ್ತದೆ. ಹನ್ನೊಂದಕ್ಕೆ ಮಲಗುವವರ ಊರು ಅನ್ನಿ.

ಮೆಕ್ಸಿಕೊ ಸಿಟಿಯಲ್ಲಿ ದಿನದ ದೊಡ್ಡ ಊಟ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ. ಒಳ್ಳೆಯ ರೆಸ್ಟೋರೆಂಟಿಗೆ ಹೋಗುವುದಿದ್ದರೆ ಆಗಲೇ ಹೋಗಿ, ರಾತ್ರಿಯನ್ನು ಟಾಕೊಗೆ ಬಿಡಿ. ಲೆಬನಾನ್‌ನಿಂದ ವಲಸೆ ಬಂದವರ ಶವರ್ಮಾ ಕಂಬವೇ ಅಲ್ಲಿ ಹಂದಿಮಾಂಸ, ಒಣಮೆಣಸು ಸೇರಿ ‘ಅಲ್ ಪಾಸ್ತೋರ್’ ಆಯಿತು. ಸಸ್ಯಾಹಾರಿಗಳು ಒಂದು ಮಾತು ಕೇಳಿಕೊಳ್ಳಿ, ಕಾಳಿನ ಗೊಜ್ಜಿನಲ್ಲೂ ಹಂದಿ ಕೊಬ್ಬು ಇರಬಹುದು. ಊರು ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದಲ್ಲಿದೆ. ಮೊದಲ ರಾತ್ರಿಯೇ ಮೆಸ್ಕಾಲ್ ಮದ್ಯ ಜಾಸ್ತಿ ಆದರೆ ಮಾರನೇ ದಿನ ಮಂಚದ ಮೇಲೆಯೇ. ನೋಡಲೇಬೇಕಾದದ್ದು 1956ರಲ್ಲಿ ಕಟ್ಟಿದ ಅರೇನಾ ಮೆಹಿಕೊದಲ್ಲಿ ಶುಕ್ರವಾರ ರಾತ್ರಿಯ ಲೂಚಾ ಲೀಬ್ರೆ ಕುಸ್ತಿ. ಮುಖವಾಡದ ಪೈಲ್ವಾನರಿಗಿಂತ ಬೈಯುತ್ತಾ ನೋಡುವ ಅಜ್ಜಿಯರೇ ಹೆಚ್ಚು ಮನರಂಜನೆ. ಚಿತ್ರಕಲಾವಿದೆ ಫ್ರಿದಾ ಕಾಲೊ ಅವರ ನೀಲಿ ಮನೆಗೆ ಮೊದಲೇ ಟಿಕೆಟ್ ತೆಗೆದಿಡಿ. ಅದಕ್ಕೂ, ಮಾನವಶಾಸ್ತ್ರ ಮ್ಯೂಸಿಯಂಗೂ ಸೋಮವಾರ ರಜೆ.

ಇಸ್ತಾಂಬುಲ್ ನಿಧಾನವಾಗಿ ತಿನ್ನುವವರದ್ದು. ಮೇಹಾನೆ ಎಂಬ ಮದ್ಯ-ಊಟದ ಹೋಟೆಲಿನಲ್ಲಿ ದೊಡ್ಡ ತಟ್ಟೆಯ ತುಂಬ ಮೆಝೆ ಎಂಬ ಸಣ್ಣ ಸಣ್ಣ ತಿನಿಸು ಇಟ್ಟುಕೊಂಡು ಬರುತ್ತಾರೆ, ಬೆರಳು ತೋರಿಸಿ ಆರಿಸಿಕೊಳ್ಳುವುದು. ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ಕೊಡುವ ತರಕಾರಿಗಳಿಂದ ಸಸ್ಯಾಹಾರಿಗಳ ಹೊಟ್ಟೆ ತುಂಬುತ್ತದೆ. ರಾಕಿ ಎಂಬ ಮದ್ಯಕ್ಕೆ ನೀರು ಬೆರೆಸಿದ ತಕ್ಷಣ ಬೆಳ್ಳಗಾಗುತ್ತದೆ, ಅದಕ್ಕೆ ಅಲ್ಲಿ ಸಿಂಹದ ಹಾಲು ಅನ್ನುತ್ತಾರೆ. ಮೂರು ಗಂಟೆ ಕೂತರೂ ಯಾರೂ ಏಳಿ ಅನ್ನುವುದಿಲ್ಲ. ನನ್ನ ಸಲಹೆ, ಸಂಜೆ ಫೆರ್ರಿ ಹತ್ತಿ ಏಷ್ಯಾ ದಡದ ಕಾಡಿಕೊಯ್‌ಗೆ ಹೋಗಿ ಅಲ್ಲಿ ಊಟ ಮಾಡಿ. ಸೂರ್ಯ ಮುಳುಗುವಾಗ ಬಾಸ್ಫರಸ್ ದಾಟುವುದಕ್ಕಿಂತ ಅಗ್ಗದ, ಚಂದದ ಮನರಂಜನೆ ಆ ಊರಲ್ಲಿಲ್ಲ. ಇಳಿದ ಕೂಡಲೇ ಕೊನೆಯ ಫೆರ್ರಿಯ ಸಮಯ ನೋಡಿಟ್ಟುಕೊಳ್ಳಿ. ತಕ್ಸೀಮ್ ಕಡೆ ಅಪರಿಚಿತರು ಸ್ನೇಹ ಬೆಳೆಸಿ “ನನಗೆ ಗೊತ್ತಿರುವ ಬಾರು ಇದೆ” ಅಂತ ಕರೆದರೆ ನಗುತ್ತಾ ಮುಂದೆ ನಡೆಯಿರಿ. ಬಿಲ್ಲು ನೋಡಿ ಕಣ್ಣೀರು ಹಾಕಿದವರು ತುಂಬಾ ಜನ. ಟೋಪ್‌ಕಾಪಿ ಅರಮನೆಗೆ ಮಂಗಳವಾರ, ದೊಡ್ಡ ಬಜಾರಿಗೆ ಭಾನುವಾರ ರಜೆ.

ಕೂತು ನೋಡುವವರಿಗೆ, ನಿಂತು ನೋಡುವವರಿಗೆ

ನಾಟಕ, ಸಂಗೀತ ಮುಖ್ಯ ಅನ್ನುವವರ ಮುಂದೆ ನ್ಯೂಯಾರ್ಕ್, ಲಂಡನ್, ವಿಯೆನ್ನಾ ಇವೆ. ನ್ಯೂಯಾರ್ಕಿನ ಸಬ್‌ವೇ 24 ಗಂಟೆಯೂ ಓಡುತ್ತದೆ, ಬಾರುಗಳು ನಾಲ್ಕರವರೆಗೆ. ಗಡಿಯಾರದ ಚಿಂತೆ ಇಲ್ಲ, ಚಿಂತೆ ಎಲ್ಲ ಜೇಬಿನದ್ದು. ಊಟದ ಬಿಲ್ಲಿಗೆ ತೆರಿಗೆ, ಅದರ ಮೇಲೆ ಸುಮಾರು 20 ಶೇಕಡಾ ಟಿಪ್ಸ್. ಬ್ರಾಡ್‌ವೇ ನಾಟಕಗಳಿಗೆ ಅವತ್ತಿನ ಉಳಿದ ಟಿಕೆಟ್ಟುಗಳು ಟೈಮ್ಸ್ ಸ್ಕ್ವೇರಿನ ಟಿಕೆಟಿಎಸ್ ಕೌಂಟರಿನಲ್ಲಿ ಕಡಿಮೆ ದರಕ್ಕೆ ಸಿಗುತ್ತವೆ. ಮೆಟ್ ಮ್ಯೂಸಿಯಂ ಶುಕ್ರವಾರ, ಶನಿವಾರ ರಾತ್ರಿ ಒಂಬತ್ತರವರೆಗೆ, ಬುಧವಾರ ರಜೆ.

ಲಂಡನ್‌ಗೆ ಶುಕ್ರವಾರ ಒಳ್ಳೆಯ ದಿನ. ಬ್ರಿಟಿಷ್ ಮ್ಯೂಸಿಯಂ ಎಂಟೂವರೆ, ನ್ಯಾಷನಲ್ ಗ್ಯಾಲರಿ ಒಂಬತ್ತರವರೆಗೆ, ಎರಡೂ ಉಚಿತ. ಪಬ್ಬುಗಳಲ್ಲಿ ಹನ್ನೊಂದರ ಸುಮಾರಿಗೆ ಕೊನೆಯ ಆರ್ಡರಿಗೆ ಗಂಟೆ ಬಾರಿಸುತ್ತಾರೆ. 2016ರಿಂದ ಶುಕ್ರವಾರ, ಶನಿವಾರ ಐದು ಟ್ಯೂಬ್ (ಸುರಂಗ ರೈಲು) ಮಾರ್ಗಗಳು ರಾತ್ರಿಯಿಡೀ ಓಡುತ್ತವೆ. ಬೇಸಿಗೆಯಲ್ಲಿ ಗ್ಲೋಬ್ ನಾಟಕಶಾಲೆಯ ಅಂಗಳದಲ್ಲಿ ಕೆಲವೇ ಪೌಂಡ್ ಕೊಟ್ಟು ನಿಂತು ಶೇಕ್ಸ್‌ಪಿಯರ್ ನೋಡಬಹುದು. ಮೇಲೆ ಸೂರಿಲ್ಲ, ಕೊಡೆ ಬಿಚ್ಚುವಂತಿಲ್ಲ. ಮಳೆ ಬಂದರೆ ನೆನೆಯುವುದೇ.

ವಿಯೆನ್ನಾದ ಬಗ್ಗೆ ಕೊನೆಗೆ ಹೇಳೋಣ ಅಂತಲೇ ಇಟ್ಟುಕೊಂಡೆ. ಜೊತೆಗೆ ಹೋಗುವ ಇಬ್ಬರಲ್ಲಿ ಒಬ್ಬರಿಗೆ ಬೇಗ ನಿದ್ದೆ, ಇನ್ನೊಬ್ಬರಿಗೆ ರಾತ್ರಿಯೇ ಹಗಲು ಇದ್ದರೆ ಏನು ಮಾಡುವುದು ಅಂತ ಕೇಳುವವರು ಬಹಳ. ಅಂಥವರಿಗೆ ಈ ಊರು. 1869ರ ಸ್ಟೇಟ್ ಆಪೆರಾದಲ್ಲಿ ಬಹುತೇಕ ದಿನಕ್ಕೊಂದು ಬೇರೆ ಆಪೆರಾ ಇಲ್ಲವೇ ಬ್ಯಾಲೆ. ಕೂರುವ ಟಿಕೆಟ್ ಕೈಗೆಟುಕದಿದ್ದರೆ ನಿಲ್ಲುವ ಟಿಕೆಟ್ ಇದೆ, ಬಹಳ ಅಗ್ಗ, ಅವತ್ತಿನದು ಅವತ್ತೇ ಮಾರುತ್ತಾರೆ. ಒಳಗೆ ಹೋದವರು ಕಂಬಿಗೆ ಒಂದು ಸ್ಕಾರ್ಫ್ ಕಟ್ಟಿ ಜಾಗ ಹಿಡಿಯುತ್ತಾರೆ. ಆಮೇಲೆ ಆರಾಮಾಗಿ ಓಡಾಡಿ ಬರಬಹುದು, ಆ ಗಂಟನ್ನು ಯಾರೂ ಮುಟ್ಟುವುದಿಲ್ಲ. ಜುಲೈ, ಆಗಸ್ಟ್ ತಿಂಗಳಲ್ಲಿ ಮಾತ್ರ ಆಪೆರಾ ಇರುವುದಿಲ್ಲ. ಗುರುವಾರ ಇದ್ದರೆ ಕಲಾ ಇತಿಹಾಸ ಮ್ಯೂಸಿಯಂ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಏಳಕ್ಕೆ ಶುರುವಾದ ಆಪೆರಾ ಎಷ್ಟೋ ಸಲ ಹತ್ತರ ಸುಮಾರಿಗೆ ಬಿಡುತ್ತದೆ. ಹೊರಗೆ ಬಂದರೆ ಹತ್ತಿರದಲ್ಲೇ ಸಾಸೇಜ್ ಗೂಡಂಗಡಿ. ಉದ್ದ ಗೌನಿನವರೂ ಹರಿದ ಜೀನ್ಸಿನವರೂ ಒಂದೇ ಕಟ್ಟೆಗೆ ಒರಗಿ, ಸಾಸಿವೆ ಅದ್ದಿಕೊಂಡು ತಿನ್ನುತ್ತಿರುತ್ತಾರೆ. ಅಲ್ಲಿಂದ ಒಬ್ಬರು ರೂಮಿಗೆ ಹೋಗಿ ಮಲಗಬಹುದು. ಶುಕ್ರವಾರವೋ ಶನಿವಾರವೋ ಆಗಿದ್ದರೆ ಇನ್ನೊಬ್ಬರಿಗೆ ಮೆಟ್ರೊ ಬೆಳಗಿನವರೆಗೂ ಇದೆ.